ಕಟ್ಟೆಯ ಮೇಲಿನ ಒಂಟಿ ಸ್ಕೀ

ನನಗೆ ಕಾಲಿಲ್ಲ. ಆದರೆ ನಾನು ಹುಟ್ಟಿದ್ದೇ ಇನ್ನೊಬ್ಬರ ಕಾಲಾಗಲು. ನಾನು ಒಂದು ಸ್ಕೀ. ಹಿಮದ ಮೇಲೆ ಜಾರುವವರು ಪಾದಕ್ಕೆ ಕಟ್ಟಿಕೊಳ್ಳುವ, ಮೂತಿ ಮೇಲಕ್ಕೆ ಬಾಗಿದ, ಏಳಡಿ ಉದ್ದದ ಮರದ ಹಲಗೆ. ಹಿಮಾಲಯದ ಹಲಗೆಗೆ ಕನ್ನಡ ಹೇಗೆ ಬಂತು ಎಂದು ಹುಬ್ಬೇರಿಸಬೇಡಿ. ಬಾದಾಮಿ ಕಡೆಯ ಗಂಡ ಹೆಂಡತಿ ಹದಿನೇಳು ವರ್ಷ ನನ್ನ ಕಣ್ಣ ಮುಂದೆ ಜಗಳವಾಡಿದ್ದಾರೆ. ಕಲ್ಲಾಗಿದ್ದರೂ ಕಲಿತುಬಿಡುತ್ತಿತ್ತು.

ನನ್ನನ್ನು ಮಾಡಿದವನು ಠಾಕರ್‌ದಾಸ್ ಎಂಬ ಬಡಗಿ. ಒಂದೇ ಹಲಗೆಯನ್ನು ಸೀಳಿ ನನ್ನನ್ನೂ ನನ್ನ ತಮ್ಮನನ್ನೂ ತೆಗೆದ. ನಮ್ಮ ತುದಿಗಳನ್ನು ತಗಡಿನ ಡಬ್ಬದ ಕುದಿನೀರಿನಲ್ಲಿ ಅರ್ಧ ದಿನ ಅದ್ದಿಟ್ಟು, ಮೆತ್ತಗಾದ ಮೇಲೆ ಬಗ್ಗಿಸಿ ಕಟ್ಟಿ, ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದ. ಮೇಣ ತಿಕ್ಕಿದ ದಿನ ನಾವಿಬ್ಬರೂ ಹೊಸ ಮದುಮಕ್ಕಳಂತೆ ಮಿರಮಿರ ಮಿಂಚುತ್ತಿದ್ದೆವು. ಸೈನ್ಯದವರ ಸ್ಕೀ ಶಾಲೆಗೆ ನಮ್ಮನ್ನು ಕೊಟ್ಟರು.

ಅಲ್ಲಿ ನಾವು ಕಟ್ಟಿಕೊಂಡದ್ದು ಯಮನಪ್ಪ ತಳವಾರ ಎಂಬ ಸಿಪಾಯಿಯ ಕಾಲಿಗೆ. ಬಿಸಿಲಿನಲ್ಲಿ ಸುಟ್ಟ ಕೆಂಪು ಬಂಡೆಗಳ ಊರಿನವನು, ಹಿಮವನ್ನು ಹುಟ್ಟಿದ ಮೇಲೆ ಮೊದಲ ಸಲ ಕಂಡವನು. ಮೊದಲ ದಿನ ಎಂಬತ್ತು ಸಲ ಬಿದ್ದ. ಎಣಿಸಿದವನು ಅವನೇ, ಏಕೆಂದರೆ ಎಣಿಸುವುದು ಅವನ ಚಟ. ಮೂರನೆಯ ಚಳಿಗಾಲದ ಹೊತ್ತಿಗೆ ನಾವು ಮೂವರೂ ಇಳಿಜಾರಿನಲ್ಲಿ ಗಾಳಿಯ ಜೊತೆ ಪಂತ ಕಟ್ಟುತ್ತಿದ್ದೆವು. ನನ್ನ ಬಾಳಿನಲ್ಲಿ ಅದಕ್ಕಿಂತ ಸುಖ ಇರಲಿಲ್ಲ.

ಒಂದು ದಿನ ಹಿಮದಡಿಯ ಕಲ್ಲಿಗೆ ಬಡಿದು ನನ್ನ ತಮ್ಮ ಎರಡು ತುಂಡಾದ. ಸಾಮಾನಿನ ಕೋಣೆಯವನು ನನ್ನನ್ನು ಸೌದೆಯ ರಾಶಿಗೆ ಎಸೆಯಹೊರಟಾಗ ಯಮನಪ್ಪ ತಡೆದ.

"ಜೋಡೆತ್ತಿನಾಗ ಒಂದು ಸತ್ರ ಇನ್ನೊಂದನ್ನ ಒಲಿಗೆ ಹಾಕ್ತಾರೇನು?" ಎಂದು ತನಗೆ ತಾನೇ ಗೊಣಗಿಕೊಂಡು, ಸಾಹೇಬರ ಅಪ್ಪಣೆ ಪಡೆದು ನನ್ನನ್ನು ತನ್ನದಾಗಿಸಿಕೊಂಡ. ಆ ಮಾತಿಗೆ ನಾನು ಇಂದಿಗೂ ಋಣಿ.

ಹವಾಲ್ದಾರನಾಗಿ ನಿವೃತ್ತನಾದ ಮೇಲೆ ಯಮನಪ್ಪನಿಗೆ ಕೈಲ್‌ಧಾರ್ ಎಂಬ ಗುಡ್ಡದ ಉಸ್ತುವಾರಿ ಸಿಕ್ಕಿತು. ಗುಡ್ಡದ ಒಂದು ಮಗ್ಗುಲಲ್ಲಿ ಸ್ಕೀ ಆಡುವ ಇಳಿಜಾರು, ಇನ್ನೊಂದು ಮಗ್ಗುಲಲ್ಲಿ ತಗಡಿನ ಚಾವಣಿಯ ನಲವತ್ತೆರಡು ಮನೆ. ಮಾಲೀಕರೆಲ್ಲ ದೆಹಲಿ, ಚಂಡೀಗಢದವರು; ವರ್ಷಕ್ಕೆ ಹದಿನೈದು ದಿನ ಬಂದು ಹೋಗುವವರು. ಉಳಿದ ದಿನ ಅವರ ಮನೆಗಳ ಬೀಗದ ಕೈ, ನಲ್ಲಿ, ಚಿಮಣಿ, ಕೋತಿಗಳ ಕಾಟ ಎಲ್ಲವೂ ಯಮನಪ್ಪನ ತಲೆಯ ಮೇಲೆ. ಇರಲು ಎರಡು ಕೋಣೆಯ ಕ್ವಾರ್ಟರ್ಸ್ ಕೊಟ್ಟಿದ್ದರು. ಹೆಂಡತಿ ಸಂಗವ್ವ ಊರಿನಿಂದ ಬಂದಳು. ಬಸ್ಸಿಳಿದವಳೇ ಸುತ್ತ ನೋಡಿ, "ಇಲ್ಲಿ ಮಂದಿ ಬದುಕ್ತಾರೇನ್ರೀ?" ಎಂದಳು. ವಾರದೊಳಗೆ ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕಿದ್ದಳು.

ಯಮನಪ್ಪ ಚಳಿಗೆ ಮುಂಚೆ, ಚಳಿಯ ನಡುವೆ, ಚಳಿ ಕಳೆದ ಮೇಲೆ, ವರ್ಷಕ್ಕೆ ಮೂರು ಸಲ ಮಾಲೀಕರಿಗೆ ಋತುವಾರ್ತೆ ಬರೆದು ಕಳಿಸಬೇಕಿತ್ತು. ಹಿಂದಿಯಲ್ಲಿ ಬರೆಯುತ್ತಿದ್ದ, ಸೈನ್ಯದ ಹುಕುಮಿನಂತೆ. 'ಹೋಗುವ ಮುನ್ನ ಪೈಪಿನ ನೀರು ಪೂರ್ತಿ ಬಸಿಯಿರಿ. ಬಸಿಯದೆ ಹೋದವರು ಒಡೆದ ಪೈಪಿಗೆ ದೇವರನ್ನು ದೂರಬಾರದು. ಅಡುಗೆಮನೆಯಲ್ಲಿ ಜೇನು ಬಿಟ್ಟು ಹೋಗಬೇಡಿ, ಕರಡಿಗೆ ಬಾಗಿಲು ತೆರೆಯಲು ಬರುತ್ತದೆ.' ಇದೆಲ್ಲಕ್ಕೂ ಮೊದಲು, ತಲೆಬರಹದ ಕೆಳಗೇ, ಒಂದು ಸಾಲು: ಹಿಮ ಇಷ್ಟು ಅಡಿ.

ಆ ಒಂದು ಸಾಲಿಗಾಗಿ ನಾನು ಎರಡನೆಯ ಸಲ ಹುಟ್ಟಿದೆ. ನನ್ನನ್ನು ಹಿಮದ ಅಳತೆಗೋಲು ಮಾಡಲು ಯಮನಪ್ಪ ನಿಶ್ಚಯಿಸಿದ. ಗೌರವದ ಕೆಲಸ, ಬರಿ ನೆಲಕ್ಕೆ ಚುಚ್ಚಿ ನಿಲ್ಲಿಸಿದರೆ ಶೋಭೆಯೇ? ಬಾದಾಮಿ ಕಡೆಯ ಮನುಷ್ಯ ಮರ ನೆಡಲಿ, ಧ್ವಜ ನಿಲ್ಲಿಸಲಿ, ಮೊದಲು ಅದಕ್ಕೊಂದು ಕಟ್ಟೆ ಕಟ್ಟುತ್ತಾನೆ. ಯಮನಪ್ಪನೂ ಕಚೇರಿಯ ಮುಂದೆ ಒಂದಡಿ ಎತ್ತರದ ಕಲ್ಲಿನ ಕಟ್ಟೆ ಕಟ್ಟಿ, ನನ್ನ ಬುಡವನ್ನು ಅದರ ನಡುವೆ ಸಿಮೆಂಟು ಹಾಕಿ ಕೂರಿಸಿದ. ಕಟ್ಟೆಯ ಮೇಲ್ಮೈಗೆ ಸರಿಯಾಗಿ ಸೊನ್ನೆ, ಅಲ್ಲಿಂದ ಮೇಲಕ್ಕೆ ಒಂದು, ಎರಡು, ಮೂರು ಎಂದು ಕೆಂಪು ಬಣ್ಣದಲ್ಲಿ ಬರೆದ. ಎರಡು ಹೆಜ್ಜೆ ಹಿಂದೆ ಸರಿದು ನನಗೊಂದು ಸೆಲ್ಯೂಟ್ ಹೊಡೆದ. ನಾನೂ ಉಬ್ಬಿಹೋದೆ. ತಪ್ಪು ನಮ್ಮಿಬ್ಬರಿಗೂ ಕಾಣಲಿಲ್ಲ.

ಸಂಗವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಅಂಕಿಗಳನ್ನು ಕಲಿತದ್ದು ನನ್ನ ಮೈಮೇಲಿನಿಂದಲೇ. ದಿನಾ ಮುಂಜಾನೆ ಚಹಾದ ಲೋಟ ಹಿಡಿದು ಬಂದು, ನನ್ನನ್ನು ಓದಿ, ಕಚೇರಿಯೊಳಗೆ ಕೂತ ಗಂಡನಿಗೆ ಕೂಗಿ ಹೇಳುತ್ತಿದ್ದಳು. ನಾಲ್ಕು ಅಡಿ ಎಂದ ದಿನ ಚಾವಣಿಗಳ ಮೇಲಿನ ಹಿಮ ಎಳೆದು ಹಾಕಬೇಕು, ಇಲ್ಲವಾದರೆ ಭಾರಕ್ಕೆ ಕುಸಿಯುತ್ತವೆ. ಇದು ಮಾಲೀಕರ ಸಂಘದ ನಿಯಮ. ಒಂಬತ್ತು ವರ್ಷ ನಾನು ಮೂರರ ಆಚೆ ಹೋಗಲೇ ಇಲ್ಲ. ಹಾಗಾಗಿ ಯಾರೂ ಚಾವಣಿ ಹತ್ತಲಿಲ್ಲ.

ಒಂಬತ್ತನೆಯ ಚಳಿಗಾಲದ ಜನವರಿಯಲ್ಲಿ ಐದು ದಿನ ಬಿಡದೆ ಹಿಮ ಬಿತ್ತು. ಆರನೆಯ ದಿನ ಬೆಳಗ್ಗೆ ನಾನು ಮೂರಡಿ ತೋರಿಸಿದೆ. 'ಹಿಮ ಮೂರು ಅಡಿ. ಚಾವಣಿಗಳಿಗೆ ಅಪಾಯವಿಲ್ಲ' ಎಂದು ಯಮನಪ್ಪ ಮೊಬೈಲಿನಲ್ಲಿ ಎಲ್ಲರಿಗೂ ಋತುವಾರ್ತೆ ಕಳಿಸಿದ. ಭಾನುವಾರದಿಂದ ಇನ್ನೂ ಮೂರು ದಿನ ಭಾರಿ ಹಿಮ ಬೀಳುತ್ತದೆ ಎಂದು ರೇಡಿಯೊ ಹೇಳುತ್ತಿತ್ತು.

ಅದೇ ಹೊತ್ತಿಗೆ ಸಂಗವ್ವ ಸೌದೆ ತರಲೆಂದು ಹಾದಿ ಬಿಟ್ಟು ಇಳಿದಳು. ಇಳಿದವಳು ಅಲ್ಲೇ ಹೂತುಕೊಂಡು ನಿಂತಳು. ನನ್ನ ಕಡೆ ನೋಡಿದಳು. ತನ್ನ ಎದೆ ನೋಡಿಕೊಂಡಳು. ಮತ್ತೆ ನನ್ನ ಕಡೆ ನೋಡಿದಳು.

"ಏನ್ರೀ! ಹೊರಗ ಬರ್ರಿ!"

ಯಮನಪ್ಪ ಬಂದ.

"ಮೂರಡಿ ಅಂದ್ರ ನನ್ನ ನಡುಮಟ ಬರಬೇಕು. ಎದಿಮಟ ಹ್ಯಾಂಗ ಬಂತು?"

"ತಗ್ಗಿನಾಗ ನಿಂತಿರಬೇಕು ನೀ."

"ತಗ್ಗಿಲ್ಲ ಗಿಗ್ಗಿಲ್ಲ. ಬ್ಯಾಸಿಗ್ಯಾಗ ಮೆಣಸಿನಕಾಯಿ ಹಾಕೋ ಜಾಗಾ ಇದು, ಸಪಾಟ ಐತಿ. ನಿಮ್ಮ ಕೋಲ ಸುಳ್ಳ ಹೇಳಾಕತ್ತೈತಿ."

ನನಗೆ ಎದೆ ಇದ್ದಿದ್ದರೆ ಧಸಕ್ಕೆನ್ನುತ್ತಿತ್ತು. ಯಮನಪ್ಪನಿಗಂತೂ ಮೂಗಿನ ತುದಿಯಲ್ಲೇ ಕೋಪ.

"ಒಂಬತ್ತು ವರ್ಷ ಇಂಚು ತಪ್ಪಿಲ್ಲ ನಾನು! ಹೆಣ್ಮಕ್ಕಳ ಬುದ್ಧಿ ಮೊಣಕಾಲ ಕೆಳಗ ಅಂತ ಹಿರ್‍ಯಾರು ಸುಮ್ಮನ ಅಂದಾರೇನು?"

ಸಂಗವ್ವ ಹೋಗಿ ಸಲಿಕೆ ತಂದಳು. ನನ್ನ ಪಕ್ಕದಲ್ಲಿ ಬಾವಿ ತೋಡುವವಳಂತೆ ಹಿಮ ತೋಡಿದಳು. ಸೊನ್ನೆ ಕಂಡಿತು. ಅವಳು ನಿಲ್ಲಿಸಲಿಲ್ಲ. ಕಟ್ಟೆಯ ಕಲ್ಲು ಕಂಡಿತು, ಆಮೇಲೆ ಕಟ್ಟೆಯ ಬುಡ, ಕಡೆಗೆ ಕಂದು ಹುಲ್ಲಿನ ನೆಲ. ಗಾಳಿ ಕಟ್ಟೆಯ ಮೇಲಿನದನ್ನೂ ಸುತ್ತಲಿನದನ್ನೂ ಒಂದೇ ಮಟ್ಟ ಮಾಡಿತ್ತು; ಸೊನ್ನೆಯ ಕೆಳಗೆ ಇನ್ನೂ ಒಂದಡಿ ಹಿಮ, ಯಾರೂ ಎಣಿಸದ ಹಿಮ.

"ಹೌದ್ರೀ, ಮೊಣಕಾಲ ಕೆಳಗನ ಐತಿ ನನ್ನ ಬುದ್ಧಿ," ಎಂದಳು, ಸಲಿಕೆಗೆ ಒರಗಿ. "ನಿಮ್ಮ ತಪ್ಪೂ ಅಲ್ಲೇ ಐತಿ ನೋಡ್ರಿ."

ಯಮನಪ್ಪ ಗುಂಡಿಗಿಳಿದು ಸೊನ್ನೆಯಿಂದ ನೆಲದವರೆಗೆ ಗೇಣು ಹಾಕಿ ಅಳೆದ. ಅವನ ಮುಖ ನೋಡಲಾರದೆ ನಾನು ಆಕಾಶ ನೋಡಿದೆ. ಒಂಬತ್ತು ವರ್ಷದ ಋತುವಾರ್ತೆಗಳೆಲ್ಲ ಒಂದಡಿ ಕಮ್ಮಿ. ದೇವರ ದಯೆಯಿಂದ ಅಷ್ಟು ವರ್ಷ ಹಿಮವೇ ಕಮ್ಮಿ ಬಿದ್ದಿತ್ತು. ಈ ವರ್ಷ ಹಾಗಿರಲಿಲ್ಲ.

"ಕಟ್ಟಿ ಕಟ್ಟಿದಾವ ನಾನ," ಎಂದ ಕೊನೆಗೆ. ಒಳಗೆ ಹೋಗಿ ಎಲ್ಲ ಮಾಲೀಕರಿಗೂ ಮತ್ತೆ ಬರೆದ. 'ಬೆಳಗಿನ ಅಳತೆ ತಪ್ಪು. ಒಂಬತ್ತು ವರ್ಷದಿಂದ ತಪ್ಪು. ತಪ್ಪು ನನ್ನದು. ಹಿಮ ನಾಲ್ಕು ಅಡಿ. ಚಾವಣಿ ಖಾಲಿ ಮಾಡಲು ಅಪ್ಪಣೆ ಕೊಡಿ.' ಇಂಥದನ್ನು ಬರೆಯಲು ಇಳಿಜಾರಿನಲ್ಲಿ ಜಾರುವುದಕ್ಕಿಂತ ಹೆಚ್ಚು ಧೈರ್ಯ ಬೇಕು.

ಹತ್ತು ನಿಮಿಷಕ್ಕೆ ಸಂಘದ ಅಧ್ಯಕ್ಷ ಸೂದ್ ಸಾಹೇಬರ ಫೋನು ಬಂತು. ಯಮನಪ್ಪ ಫೋನನ್ನು ಕಿವಿಯಿಂದ ದೂರ ಹಿಡಿದಿದ್ದ, ಹಾಗಾಗಿ ನನಗೂ ಕೇಳಿಸಿತು.

"ಬೆಳಗ್ಗೆ ಮೂರು, ಮಧ್ಯಾಹ್ನ ನಾಲ್ಕು. ಯಾವುದನ್ನು ನಂಬಬೇಕು? ಸೋಮವಾರ ಇಂಜಿನಿಯರನ್ನು ಕಳಿಸುತ್ತೇನೆ. ಅಲ್ಲಿಯವರೆಗೆ ಯಾರದೇ ಚಾವಣಿಯ ಮೇಲೆ ಕಾಲಿಟ್ಟರೆ ನೀವು ಕ್ವಾರ್ಟರ್ಸ್ ಖಾಲಿ ಮಾಡಿ ಹೊರಡಬೇಕಾಗುತ್ತದೆ, ಹವಾಲ್ದಾರ್."

ಆ ದಿನ ಶುಕ್ರವಾರ. ಯಮನಪ್ಪ ಫೋನಿಟ್ಟು ಕೂತುಬಿಟ್ಟ. ಹುಕುಮು ಮೀರಿ ಅವನಿಗೆ ಅಭ್ಯಾಸವಿಲ್ಲ. ಮೀರಿದರೆ ನೌಕರಿ, ಮನೆ ಎರಡೂ ಹೋಗುತ್ತವೆ. ಮೀರದಿದ್ದರೆ ಒಂಬತ್ತು ವರ್ಷ ಮಕ್ಕಳಂತೆ ಕಾಯ್ದ ಮನೆಗಳು ಅವನ ಕಣ್ಣೆದುರೇ ಬೀಳುತ್ತವೆ.

ಸಂಗವ್ವ ಸೆರಗು ಬಿಗಿದು ಕಟ್ಟಿಕೊಂಡಳು.

"ಸಾಹೇಬ್ರು ನಿಮಗ ಹೇಳ್ಯಾರ. ನನಗ ಹೇಳ್ಯಾರೇನು? ನಾ ಯಾರ ನೌಕರಿಯಾಗ ಅದೀನಿ?"

ಹೊರಟೇಹೋದಳು. ಕೆಳಗಿನ ಹಳ್ಳಿಯ ಮಹಿಳಾ ಮಂಡಲದ ಫೂಲಾ ದೇವಿ ಅವಳ ಗೆಳತಿ; ಇವಳ ರೊಟ್ಟಿ ಅವಳಿಗೆ ಇಷ್ಟ, ಅವಳು ಹೆಣೆದ ಕಾಲುಚೀಲ ಇವಳಿಗೆ ಇಷ್ಟ, ಇಬ್ಬರ ಹಿಂದಿಯೂ ಅಷ್ಟಕ್ಕಷ್ಟೇ. ಒಂದು ಗಂಟೆಯೊಳಗೆ ಇಪ್ಪತ್ತಾರು ಹೆಂಗಸರು ಮರದ ಸಲಿಕೆ ಹೆಗಲಿಗೇರಿಸಿ ಸಾಲಾಗಿ ಗುಡ್ಡ ಹತ್ತಿ ಬಂದರು. ಮುಂದೆ ಇಳಕಲ್ ಸೀರೆಯ ಮೇಲೆ ಗಂಡನ ಸೈನ್ಯದ ಕೋಟು ತೊಟ್ಟ ಸಂಗವ್ವ. ಆ ದಂಡನ್ನು ಕಂಡು ನನ್ನ ಮೈಯ ಮೇಣವೆಲ್ಲ ಕರಗಿದಂತಾಯಿತು.

ಯಮನಪ್ಪ ಬಾಗಿಲಲ್ಲಿ ನಿಂತು ನೋಡಿದ. ಒಳಗೆ ಹೋದ. ಹೊರಬಂದಾಗ ಕೈಯಲ್ಲಿ ಹಾರೆ ಇತ್ತು. ತಾನೇ ಕಟ್ಟಿದ ಕಟ್ಟೆಯನ್ನು ತಾನೇ ಒಡೆದು ನನ್ನನ್ನು ಬಿಡಿಸಿದ.

"ತಗೋ, ಬರ್ಫ ಕೊಯ್ಯಾಕ ಇದರಂಥಾದ್ದ ಇನ್ನೊಂದಿಲ್ಲ," ಎಂದು ನನ್ನನ್ನು ಹೆಂಡತಿಯ ಕೈಗೆ ಕೊಟ್ಟು, ತಾನು ಬೀಗದ ಕೈಗಳ ಗೊಂಚಲೂ ಏಣಿಯೂ ತಂದ. "ಹೋದ್ರ ಇಬ್ಬರೂ ಕೂಡೇ ಊರಿಗೆ ಹೋಗೋಣು."

ಅಂದೂ ಮರುದಿನವೂ ನಾನು ಹಿಮವನ್ನು ಗರಗಸದಂತೆ ಕೊಯ್ದೆ. ನಾನು ಕೊಯ್ದ ಗಡ್ಡೆಗಳನ್ನು ಹೆಂಗಸರು ಸಲಿಕೆಯಿಂದ ನೂಕಿದರು. ಮನೆಯ ನಂತರ ಮನೆ ಹಗುರಾಗಿ ಉಸಿರು ಬಿಟ್ಟಿತು. ಶನಿವಾರ ಸಂಜೆ ಉಳಿದದ್ದು ನಲವತ್ತೆರಡನೆಯದು, ಸೂದ್ ಸಾಹೇಬರದು. ಅದರ ಕೊನೆಯ ಗಡ್ಡೆ ಜಾರುವಾಗ ಸಂಗವ್ವನ ಕೈ ತಪ್ಪಿತು.

ಮತ್ತು ನಾನು ಜಾರಿದೆ! ಹದಿನೈದು ವರ್ಷಗಳ ಮೇಲೆ, ತಮ್ಮನಿಲ್ಲದೆ, ಪಾದವಿಲ್ಲದೆ, ಅಧ್ಯಕ್ಷರ ತಗಡಿನ ಮೇಲಿಂದ ಸರ್ರನೆ ಜಾರಿ, ಅಂಚಿನಿಂದ ಗಾಳಿಗೆ ಹಾರಿ, ಅಂಗಳ ದಾಟಿ, ಹಿಮದ ಗುಡ್ಡೆಯಲ್ಲಿ ಮೂತಿ ಮೇಲಾಗಿ ನಿಂತೆ. ಹೆಂಗಸರು ಹೋ ಎಂದು ಕೂಗಿದರು. ಯಮನಪ್ಪ ನಕ್ಕು ನಕ್ಕು ಏಣಿಯ ಮೇಲೆ ಕೂತುಬಿಟ್ಟ.

ಆಮೇಲೆ ಮೂರು ದಿನ ಹಿಮ ಸುರಿಯಿತು, ಒದ್ದೆ ಹಿಮ, ಭಾರದ ಹಿಮ. ನಾಲ್ಕನೆಯ ದಿನ ಮೋಡ ಹರಿದಾಗ ಸ್ಕೀ ಟಿಕೆಟ್ಟಿನ ಷೆಡ್ಡು ಅಪ್ಪಚ್ಚಿಯಾಗಿ ಮಲಗಿತ್ತು. ಯಾರ ಮನೆಯೂ ಅಲ್ಲದ್ದರಿಂದ ಎಲ್ಲರೂ ಅದನ್ನು ಮರೆತಿದ್ದರು. ನಲವತ್ತೆರಡು ಮನೆಗಳೂ ಬಿಸಿಲಿನಲ್ಲಿ ನೆಟ್ಟಗೆ ನಿಂತಿದ್ದವು. ಸೋಮವಾರ ಬರಬೇಕಿದ್ದ ಇಂಜಿನಿಯರು ಗುರುವಾರ ನಡೆದುಕೊಂಡು ಬಂದ. ಷೆಡ್ಡನ್ನೂ ಮನೆಗಳನ್ನೂ ನೋಡಿ, ಏನನ್ನೂ ಅಳೆಯದೆ, ಫೋಟೊ ತೆಗೆದು ಸಾಹೇಬರಿಗೆ ಕಳಿಸಿದ.

ಮಾರ್ಚಿನಲ್ಲಿ ಸೂದ್ ಸಾಹೇಬರು ಬಂದರು. ತಮ್ಮ ಚಾವಣಿಯ ಕೆಳಗೆ ಸ್ವಲ್ಪ ಹೊತ್ತು ನಿಂತರು. ಆಮೇಲೆ ಕ್ವಾರ್ಟರ್ಸಿಗೆ ಬಂದು ಯಮನಪ್ಪನನ್ನು ಬಿಟ್ಟು ನೇರ ಸಂಗವ್ವನಿಗೆ ಕೈಮುಗಿದರು.

"ಇನ್ನು ಮೇಲೆ ಋತುವಾರ್ತೆಯ ಮೊದಲ ಸಾಲು ನೀವು ಹೇಳಿದಂತೆಯೇ ಇರಲಿ," ಎಂದರು.

ಆ ವಸಂತದ ಋತುವಾರ್ತೆಯನ್ನು ಅವಳು ಹೇಳಿದಳು, ಗಂಡ ಬರೆದ. ಅದು ಹೀಗೆ ಶುರುವಾಗುತ್ತಿತ್ತು: 'ನೆಲದಿಂದ ಅಳೆದ ಹಿಮ: ಆರು ಅಡಿ. ಬಿದ್ದ ಮನೆ: ಸೊನ್ನೆ.' ಆ ಎರಡು ಅಂಕಿಗಳನ್ನು ಮಾತ್ರ ಅವಳೇ ತನ್ನ ಕೈಯಾರೆ ಬರೆದಳು.

ಮುಂದಿನ ಏಳು ಚಳಿಗಾಲ ನಾನು ಬರಿ ನೆಲದಲ್ಲಿ, ಹೊಸ ಬಣ್ಣದ ಅಂಕಿಗಳೊಂದಿಗೆ ನಿಂತೆ. ಈಗ ಬುಡ ಗೆದ್ದಲು ತಿಂದಿದೆ, ಮೂತಿ ಸೀಳಿದೆ. ಕ್ವಾರ್ಟರ್ಸಿನ ಕಿಟಕಿಯ ಮೇಲೆ ನನ್ನನ್ನು ಮೊಳೆ ಹೊಡೆದು ಮಲಗಿಸಿದ್ದಾರೆ. ಸಂಗವ್ವ ನನ್ನ ಮೇಲೆ ಒದ್ದೆ ಕಾಲುಚೀಲ ಒಣಹಾಕುತ್ತಾಳೆ. ಬೇಸರವಿಲ್ಲ, ಬಹಳ ಕಾಲ ಎತ್ತರದಲ್ಲಿ ನಿಂತು ಸುಳ್ಳು ಹೇಳಿದ್ದೆ, ನೆಲಕ್ಕೆ ಇಳಿದ ಮೇಲೆಯೇ ನನ್ನ ಮಾತು ನಿಜವಾಯಿತು.

ಹೋದ ವಾರ ನನ್ನ ಜಾಗಕ್ಕೆ ಉಕ್ಕಿನ ಕಂಬ ಬಂತು, ತಾನೇ ಅಳೆದು ತಾನೇ ದೆಹಲಿಗೆ ಸುದ್ದಿ ಕಳಿಸುವ ಯಂತ್ರ ಹೊತ್ತದ್ದು. ಇಬ್ಬರು ಇಂಜಿನಿಯರುಗಳು ಚೆಂದದ ಸಿಮೆಂಟು ಕಟ್ಟೆ ಕಟ್ಟಿ, ಕಂಬ ನಿಲ್ಲಿಸಿ, ಕೈ ಒರೆಸಿಕೊಂಡು ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಸಂಗವ್ವ ಚಹಾದ ಲೋಟ ಹಿಡಿದು ನಿಧಾನ ನಡೆದು ಹೋದಳು. ಕಂಬವನ್ನು ಕೆಳಗಿನಿಂದ ಮೇಲಕ್ಕೂ ಮೇಲಿನಿಂದ ಕೆಳಕ್ಕೂ ನೋಡಿ, ತನ್ನ ಮುರುಕು ಹಿಂದಿಯಲ್ಲಿ ಒಂದೇ ಪ್ರಶ್ನೆ ಕೇಳಿದಳು.

"ಸೊನ್ನೆ ಎಲ್ಲಿದೆ?"

ಇಂಜಿನಿಯರುಗಳು ಕಟ್ಟೆ ನೋಡಿದರು. ನೆಲ ನೋಡಿದರು. ಒಬ್ಬರ ಮುಖ ಒಬ್ಬರು ನೋಡಿದರು. ಯಮನಪ್ಪ ಆಗಲೇ ಒಳಗಿನಿಂದ ಹಾರೆ ತಂದು ಅವರಿಗೆ ಚಾಚಿದ್ದ.

ನನಗೆ ಕಾಲಿಲ್ಲ ಎಂದೆನಲ್ಲ. ಇದ್ದಿದ್ದರೆ ಆ ದಿನ ಕುಣಿದುಬಿಡುತ್ತಿದ್ದೆ.