ಒಂದು ಗೇಣು ಬೇಲಿ

"ಇಲ್ಲ, ಬಿಟ್ಟುಕೊಡಲ್ಲ," ಎಂದ ಲೋಥರ್.

ಮಸೀದಿಯ ಅಂಗಳದಲ್ಲಿ ಸಾಲುಗಟ್ಟಿ ನಿಂತಿದ್ದ ಅರವತ್ತು ತಲೆಗಳು ಒಟ್ಟಿಗೆ ಅವನತ್ತ ತಿರುಗಿದವು. ಕಲ್ಲುಕಟ್ಟೆಯ ಮೇಲೆ ಹಾಲಿಸ್‌ನ ಶವಪೆಟ್ಟಿಗೆ. ಗೇಟಿನ ಹೊರಗೆ ವಿಮಾನ ನಿಲ್ದಾಣಕ್ಕೆ ಹೊರಡಬೇಕಿದ್ದ ವ್ಯಾನು. ಇಮಾಮರು ಕೇಳಿದ್ದು ಎಲ್ಲ ಸಾವಿನಲ್ಲೂ ಕೇಳುವ ಮಾತು: "ಈತನ ಮೇಲೆ ನಿಮಗೇನಾದರೂ ದೂರಿದ್ದರೆ ಬಿಟ್ಟುಕೊಡುತ್ತೀರಾ?" ಎಲ್ಲರೂ "ಬಿಟ್ಟೆವು" ಅನ್ನಬೇಕು, ಅಷ್ಟೇ. ಇಲ್ಲ ಎಂದವರನ್ನು ಜರ್ಮನಿಯ ಡೂಯಿಸ್‌ಬುರ್ಗ್ ಪಟ್ಟಣದ ತುರ್ಕರು ಈವರೆಗೆ ಕಂಡಿರಲಿಲ್ಲ. ಇಲ್ಲೇ ಹುಟ್ಟಿ ಬೆಳೆದ ಇಮಾಮರು, ಜರ್ಮನ್ ಅತಿಥಿಯೊಬ್ಬ ಬಂದಿದ್ದಾನಲ್ಲ ಎಂಬ ಮರ್ಯಾದೆಗೆ ಅದನ್ನೇ ಜರ್ಮನ್‌ನಲ್ಲೂ ಕೇಳಿಬಿಟ್ಟಿದ್ದರು. ಕೇಳಿದ ಮೇಲೆ ಆ ಮನುಷ್ಯ ನಿಜ ಹೇಳದೆ ಬಿಡುತ್ತಾನೆಯೇ!

ಹಾಲಿಸ್‌ನ ತಮ್ಮ ಇಸ್ಮೆತ್ ಹಣೆ ಚಚ್ಚಿಕೊಂಡ. "ಈ ಪುಣ್ಯಾತ್ಮನ್ನ ಕರೆದದ್ದು ಯಾರು?"

"ನಾನೇ, ಚಿಕ್ಕಪ್ಪ." ಹಾಲಿಸ್‌ನ ಮಗಳು ನೂರ್ತೆನ್ ಹೆಂಗಸರ ಸಾಲಿನಿಂದ ಮುಂದೆ ಬಂದಳು. ಅಪ್ಪ ಯಾರ ಸಿಟ್ಟನ್ನೂ ಹೊತ್ತು ಹೋಗಬಾರದು, ಅವಳಿಗೆ ಬೇಕಾಗಿದ್ದದ್ದು ಅದೊಂದೇ. "ಲೋಥರ್ ಅವರೇ, ಏನು ನಿಮ್ಮ ದೂರು?"

"ಬೇಲಿ," ಎಂದ ಲೋಥರ್. "ಒಂದು ಗೇಣು ಜಾಸ್ತಿ ಎತ್ತರ. ಹತ್ತೊಂಬತ್ತು ವರ್ಷದಿಂದ. ಕೇಳಿದ್ರು, ಹೇಳ್ದೆ. ಹೆಣದ ಮುಂದೆ ನಿಂತು ಸುಳ್ಳು ಹೇಳ್ಲಾ?"

*

ರೈಲು ಹಳಿಯ ಪಕ್ಕದ ಬಾಡಿಗೆ ತೋಟಗಳಲ್ಲಿ ಇಬ್ಬರದೂ ಅಕ್ಕಪಕ್ಕ. ನಡುವಿನ ಬೇಲಿಗಿಡ ಎದೆಮಟ್ಟ ಮೀರಬಾರದೆಂದು ತೋಟದ ಸಂಘದ ನಿಯಮ. ಪ್ರತಿ ಜೂನ್‌ನಲ್ಲಿ ಲೋಥರ್ ಅಳತೆಕೋಲು ಹಿಡಿದು ಹಾಜರ್.

"ಹಾಲಿಸ್, ಕತ್ತರಿಸು."

"ಮುಂದಿನ ವರ್ಷ ಊರಿಗೆ ಹೋಗ್ತೀನಲ್ಲ ಮಾರಾಯ. ಆಮೇಲೆ ಬುಡಸಮೇತ ಕಿತ್ಕೋ."

"ಹೋದ ವರ್ಷಾನೂ ಇದೇ ಹೇಳ್ದೆ."

"ಹೋದ ವರ್ಷ ಮಗಳ ಮದುವೆ ಇತ್ತು."

ಮದುವೆ ಆಯಿತು, ಮೊಮ್ಮಗು ಬಂತು, ಮಂಡಿ ಆಪರೇಷನ್ ಬಂತು. ಉಕ್ಕಿನ ಕಾರ್ಖಾನೆಗೆ ಎರಡೇ ವರ್ಷಕ್ಕೆಂದು ಬಂದವನ ಸೂಟ್‌ಕೇಸು ಬೀರುವಿನ ಮೇಲೆ ಧೂಳು ತಿನ್ನುತ್ತಾ ಕೂತಿತ್ತು. ಹೊರಟು ನಿಂತವನು ಒಳ್ಳೆಯ ಸೋಫಾ ಕೊಳ್ಳುತ್ತಾನೆಯೇ? ಭಾಷೆ ಪೂರಾ ಕಲಿಯುತ್ತಾನೆಯೇ? ಬೇಲಿ ಕತ್ತರಿಸುತ್ತಾನೆಯೇ? ಬೇಸಿಗೆಯಲ್ಲಿ ತುರ್ಕಿಯ ತನ್ನ ಹಳ್ಳಿಗೆ ಹೋದರೆ ಅಲ್ಲಿಯವರು "ಜರ್ಮನಿಯವನು ಬಂದ" ಅನ್ನುತ್ತಿದ್ದರು. ಮೂರನೆಯ ವಾರಕ್ಕೆ ಅಲ್ಲಿಂದ ಫೋನು: "ಲೋಥರ್, ನನ್ನ ಟೊಮೆಟೊಗೆ ನೀರು ಹಾಕಿದ್ಯಾ?" ಬೈದುಕೊಂಡೇ ಲೋಥರ್ ನೀರು ಹಾಕುತ್ತಿದ್ದ.

ಇಬ್ಬರನ್ನೂ ಕಂಡರೆ ನೂರ್ತೆನ್‌ಗೆ ಮೈಯೆಲ್ಲ ಉರಿಯುತ್ತಿತ್ತು. ಒಬ್ಬ ಹೋಗುವುದಿಲ್ಲ, ಇನ್ನೊಬ್ಬ ಬಿಡುವುದಿಲ್ಲ.

*

"ಶನಿವಾರ ನಾನೇ ಬೇಲಿ ಕತ್ತರಿಸ್ತೀನಿ. ಈಗ ಬಿಟ್ಟೆ ಅನ್ನಿ," ಎಂದಳು.

"ಅನ್ನದಿದ್ರೆ?"

"ಅಪ್ಪ ನೆಮ್ಮದಿಯಿಂದ ಹೋಗೋಕಾಗಲ್ಲ."

ಲೋಥರ್ ವ್ಯಾನಿನ ಕಡೆ ನೋಡಿದ. "ಎಲ್ಲಿಗೆ ಒಯ್ತಿದ್ದೀರಿ?"

"ಊರಿಗೆ."

"ನಿಜವಾಗ್ಲೂ ಹೋಗ್ತಿದ್ದಾನಾ?"

"ಹೂಂ."

"ಹಾಗಾದ್ರೆ ಖಂಡಿತಾ ಅನ್ನಲ್ಲ."

ಇಸ್ಮೆತ್ ಗಡಿಯಾರ ನೋಡಿ ಹಲ್ಲು ಕಡಿದ. ನೂರ್ತೆನ್‌ಳ ತಾಳ್ಮೆ ಅಲ್ಲಿಗೆ ಮುಗಿಯಿತು. "ಹುಟ್ಟಿದಾಗಿಂದ ಈ ದೇಶದಲ್ಲಿ ನಮ್ಮನ್ನ ಕೇಳಿದ್ದು ಒಂದೇ, ಯಾವಾಗ ವಾಪಸ್ ಹೋಗ್ತೀರಿ ಅಂತ. ನೀವು ಇವತ್ತು ಬಂದು, ಹೋಗಬೇಡ ಅಂತೀರಾ? ಬದುಕಿದ್ದಾಗ ಹೇಳೋಕೆ ಏನಾಗಿತ್ತು ನಿಮಗೆ? ಬಾಯಿ ಬಿಟ್ರೆ ಬೇಲಿ, ಬೇಲಿ!"

ಲೋಥರ್‌ನ ಮುಖ ಕೆಂಪೇರಿತು. "ಹೋಗ್ತೀನಿ, ಹೋಗ್ತೀನಿ ಅಂತಿದ್ದೋನು ಅವನು. ನಾನು ಒಂದು ಸಲಾನೂ ನಂಬಿರ್ಲಿಲ್ಲ." ಕರವಸ್ತ್ರ ತೆಗೆದು ಜೋರಾಗಿ ಮೂಗು ಒರೆಸಿಕೊಂಡ. ಪೆಟ್ಟಿಗೆಯನ್ನೇ ದುರುಗುಟ್ಟಿ ನೋಡಿದ.

"ಬಿಟ್ಟೆ," ಎಂದ, ಬೈದ ಹಾಗೆ.

"ಎತ್ತಿ, ಎತ್ತಿ," ಎಂದು ಇಮಾಮರು ಅವಸರ ಮಾಡಿದರು, ಇವನು ಮತ್ತೆಲ್ಲಿ ಮಾತು ಬದಲಿಸುತ್ತಾನೋ ಎಂದು. ಗಂಡಸರು ಮುನ್ನುಗ್ಗಿದರು. ಯಾರೂ ಕರೆಯದಿದ್ದರೂ ಲೋಥರ್ ಹೋಗಿ ಒಂದು ಮೂಲೆಗೆ ಹೆಗಲು ಕೊಟ್ಟ. ಉಳಿದವರಿಗಿಂತ ತಲೆಯಷ್ಟು ಎತ್ತರದ ಆಳು. ಪೆಟ್ಟಿಗೆ ಅವನ ಕಡೆ ಮೇಲಕ್ಕೆದ್ದು ವಾಲಿತು.

"ನಿನ್ನ ಕಡೆ ಒಂದು ಗೇಣು ಎತ್ತರ ಆಯ್ತು, ಬಗ್ಗೋ!" ಎಂದು ಇಸ್ಮೆತ್ ಗದರಿದ.

ಲೋಥರ್ ಓರೆಗಣ್ಣಲ್ಲಿ ಪೆಟ್ಟಿಗೆಯ ಮಟ್ಟ ನೋಡಿದ. ಮಂಡಿ ಬಗ್ಗಿಸಿದ. ಸಾಲದೆಂದು ಇನ್ನಷ್ಟು ಬಗ್ಗಿಸಿದ. ಎಂಬತ್ತರ ಕಾಲುಗಳು ನಡುಗುತ್ತಿದ್ದರೂ ಗೇಟಿನಾಚೆಯ ವ್ಯಾನಿನವರೆಗೆ ಹಾಗೇ ಮಂಡಿ ಬಗ್ಗಿಸಿಕೊಂಡೇ ನಡೆದ.