ತಟ್ಟೆಗೆ ಸವರಿದ ಎಣ್ಣೆ

ವಿಚಾರಣೆಗೆ ಅಕ್ಕನನ್ನು ಕರೆದೊಯ್ಯಲೆಂದು ತಂಗಿ ಬೆಳಿಗ್ಗೆಯೇ ಬೇಕರಿಯ ಹಿಂಬಾಗಿಲಿನಿಂದ ಒಳಗೆ ಬಂದಳು. ಹೊರಗೆ ಗಾಡಿಯವನು ಬಿಸ್ಕತ್ತಿನ ಪೆಟ್ಟಿಗೆಗಳನ್ನು ಹೇರಿಕೊಂಡು ಹೊರಟಿದ್ದ. ಒಳಗೆ ಅಕ್ಕ ಕಬ್ಬಿಣದ ತಟ್ಟೆಗಳನ್ನು ಹರಡಿಕೊಂಡು, ಕುಂಚ ಅದ್ದಿ ಅದ್ದಿ ಎಣ್ಣೆ ಸವರುತ್ತಿದ್ದಳು. ಘಮ ಮೂಗಿಗೆ ಬಡಿದದ್ದೇ ತಡ, ತಂಗಿ ನಿಂತಲ್ಲೇ ನಿಂತುಬಿಟ್ಟಳು.

“ಅಕ್ಕ, ಇದ್ಯಾವ ಎಣ್ಣೆ?”

“ಕಡಲೆಕಾಯಿದು. ಗಾಣದ್ದು. ಅಪ್ಪನ ಕಾಲದಿಂದ ಇದೇ. ಬೇರೆ ಸವರಿದ್ರೆ ಬಿಸ್ಕತ್ತು ತಟ್ಟೆ ಬಿಟ್ಟು ಏಳಲ್ಲ.”

“ಪೊಟ್ಟಣದ ಮೇಲೆ ಕಡಲೆಕಾಯಿ ಇಲ್ಲ ಅಂತ ಬರೆದಿದ್ದೀವಲ್ಲೇ!”

“ಇಲ್ವಲ್ಲ ಮತ್ತೆ? ಹಿಟ್ಟಿಗೆ ಒಂದು ತೊಟ್ಟೂ ಹಾಕಲ್ಲ. ಇದು ತಟ್ಟೆಗೆ ಕಣೇ. ತಟ್ಟೆನ ಯಾರಾದ್ರೂ ತಿಂತಾರಾ?”

ಆ ಬರಹ ತಂಗಿಯದೇ. ಕಾಲೇಜಿನ ಪ್ರಯೋಗಾಲಯದ ಕೆಲಸ ಮುಗಿಸಿ ಸಂಜೆಯಷ್ಟೇ ಬರುತ್ತಿದ್ದ ಅವಳು ತಟ್ಟೆ ಸಿದ್ಧವಾಗುವುದನ್ನು ಎಂದೂ ಕಂಡಿರಲಿಲ್ಲ. ಹಿಟ್ಟಿಗೆ ಏನೇನು ಹಾಕುತ್ತೀಯೆಂದು ಕೇಳಿದ್ದಳು. ಅಕ್ಕ ಒಂದನ್ನೂ ಬಿಡದೆ ಹೇಳಿದ್ದಳು. ಆ ಬರಹವನ್ನು ನಂಬಿ ಒಬ್ಬ ತಾಯಿ ಮಗಳಿಗೆ ಬಿಸ್ಕತ್ತು ಕೊಟ್ಟಿದ್ದಳು. ಕಡಲೆಕಾಯಿ ಒಗ್ಗದ ಆ ಮಗುವಿನ ಗಂಟಲು ಊದಿ, ಉಸಿರು ಕಟ್ಟಿ, ಜೀವ ಕೂದಲೆಳೆಯಲ್ಲಿ ಉಳಿದಿತ್ತು. ತಾಯಿ ಬೇಕರಿಯ ಮೇಲೆ ದೂರು ಕೊಟ್ಟಿದ್ದಳು. ಮಗು ಬೇರೇನನ್ನೋ ತಿಂದಿರಬೇಕು ಎಂಬುದು ಬೇಕರಿಯ ವಾದ. ತಂಗಿಯೂ ಈ ಬೆಳಗಿನವರೆಗೆ ಅದನ್ನೇ ನಂಬಿದ್ದಳು.

ನ್ಯಾಯಾಲಯದ ಮುಂದೆ ಬಸ್ಸಿನಿಂದ ಇಳಿಯುವಾಗ ಅಕ್ಕ ಹೇಳಿದಳು: “ನೀನು ಬಾಯಿ ಬಿಟ್ರೆ ಬೇಕರಿ ಬಾಗಿಲು ಮುಚ್ಚತ್ತೆ. ಜ್ಞಾಪಕ ಇರಲಿ.”

ಗ್ರಾಹಕ ನ್ಯಾಯಾಲಯದ ಜಗಲಿಯಲ್ಲಿ ಬೇಕರಿಯ ವಕೀಲರು ಕೋಟಿನ ತೋಳು ಸರಿಪಡಿಸಿಕೊಂಡರು. “ಕೇಳಿದ್ದಕ್ಕಷ್ಟೇ ಉತ್ತರ ಕೊಡಮ್ಮ. ವಿಜ್ಞಾನ ಓದಿದವರು ಬಾಯಿ ತೆಗೆದ್ರೆ ಪಾಠಾನೇ ಶುರು. ಈ ಪರೀಕ್ಷೇಲಿ ಹೆಚ್ಚುವರಿ ಹಾಳೆ ಕೊಡಲ್ಲ, ಗೊತ್ತಾಯ್ತಾ?”

ಕಟಕಟೆಯಲ್ಲಿ ನಿಂತ ತಂಗಿಯನ್ನು ಎದುರು ಪಕ್ಷದ ವಕೀಲರು ಕೇಳಿದರು: “ಹಿಟ್ಟಿಗೆ ಕಡಲೆಕಾಯಿಯನ್ನಾಗಲಿ ಅದರ ಎಣ್ಣೆಯನ್ನಾಗಲಿ ಸೇರಿಸ್ತೀರಾ?”

“ಇಲ್ಲ.”

“ಹಿಟ್ಟಿಗೆ ಎರಡನ್ನೂ ಸೇರಿಸಲ್ಲ ಅಂತೀರಿ?”

“ಹಿಟ್ಟಿಗೆ ಸೇರಿಸಲ್ಲ.”

ಅವರು ಹಾಳೆ ತಿರುವಿದರು. ಮುಂದೇನೂ ಹೊಳೆದಂತೆ ಕಾಣಲಿಲ್ಲ. “ಸಾಕು.”

ಇಳಿದುಬಿಡಬಹುದಿತ್ತು. ಹೇಳಿದ ಮಾತಿನಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ಅವಳನ್ನು ಇಳಿಯಗೊಡದಿದ್ದುದೂ ಅದೇ. ಮುಂದಿನ ಬೆಂಚಿನಲ್ಲಿ ಆ ಮಗು ತಾಯಿಯ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿತ್ತು. ಬೆಳಿಗ್ಗೆ ಹೊರಟ ಗಾಡಿ ಈಗ ಯಾವ ಅಂಗಡಿಯ ಮುಂದಿದೆಯೋ!

“ಸ್ವಾಮಿ, ಅವರು ಕೇಳದೇ ಇರೋದು ಒಂದಿದೆ,” ಎಂದು ನ್ಯಾಯಾಧೀಶರಿಗೆ ಹೇಳಿದಳು. “ಕಡಲೆಕಾಯಿ ಎಣ್ಣೆ ಹಿಟ್ಟಿನಲ್ಲಿಲ್ಲ, ತಟ್ಟೆಗೆ ಸವರ್ತೀವಿ. ಗಾಣದ್ದು. ಅದರಲ್ಲಿ ಕಡಲೆಕಾಯಿಯ ಅಂಶ ಉಳಿದಿರತ್ತೆ, ಬಿಸ್ಕತ್ತಿಗೂ ಅಂಟತ್ತೆ. ಪೊಟ್ಟಣದ ಮೇಲಿನ ಮಾತು ನಾನು ಬರೆದದ್ದು. ಅದು ತಪ್ಪು.”

ಬೇಕರಿಯ ವಕೀಲರು ಹಣೆ ಹಿಡಿದುಕೊಂಡರು. ಅಕ್ಕ ಧಡಕ್ಕನೆ ಎದ್ದಳು. ತಂಗಿಯ ಮುಖವನ್ನು ನೋಡದೆ ಬಾಗಿಲು ದಾಟಿದಳು. ಜಗಲಿಯಲ್ಲಿ ಗಾಡಿಯವನಿಗೆ ಫೋನು ಮಾಡಿದ ಅವಳ ದನಿ ಒಳಗೆಲ್ಲ ಕೇಳಿಸಿತು.

“ಗಾಡಿ ಎಲ್ಲಿದೆಯಪ್ಪಾ? ಇಳಿಸಬೇಡ. ಇಳಿಸಿದ್ದನ್ನೂ ವಾಪಸ್ ಹಾಕ್ಕೋ. ಯಾಕೆ ಅಂತ ಆಮೇಲೆ ಹೇಳ್ತೀನಿ, ಮೊದಲು ಹಾಕ್ಕೋ!”