ಮಾವನ ಚಪ್ಪಾಳೆ, ಸೊಸೆಯ ಬ್ರೇಕು

ಬೇಸಿಗೆಯಲ್ಲಿ ಬೆಟ್ಟದ ಮೇಲೆ ನಡೆಯುವ ಆ ಸಂಗೀತೋತ್ಸವದಲ್ಲಿ ಮೊದಲ ಚಪ್ಪಾಳೆ ಮಾವನದು. ಹಾಗೆಂದು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಆದರೆ ಶಾಸ್ತ್ರೀಯ ಸಂಗೀತ ಎಲ್ಲಿ ಮುಗಿಯುತ್ತದೆ, ಎಲ್ಲಿ ಮುಗಿದಂತೆ ನಟಿಸಿ ಮತ್ತೆ ಶುರುವಾಗುತ್ತದೆ ಎಂಬುದು ಮುಕ್ಕಾಲು ಪಾಲು ಜನಕ್ಕೆ ಗೊತ್ತಿಲ್ಲ. ನಡುವೆ ಕೈತಟ್ಟಿ ಒಮ್ಮೆ ನಗೆಪಾಟಲಾದವರು ಇನ್ನೊಮ್ಮೆ ಆ ಧೈರ್ಯ ಮಾಡುವುದಿಲ್ಲ. ಹಾಗಾಗಿ ಎಲ್ಲರೂ ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ಕೂತ ಮಾವನ ಬೆನ್ನನ್ನೇ ನೋಡುತ್ತಿರುತ್ತಾರೆ. ಆ ಬೆನ್ನು ಅಲ್ಲಾಡಿ ಚಪ್ಪಾಳೆ ಕೇಳಿತೆಂದರೆ ಇಡೀ ಸಭಾಂಗಣ ಗುಡುಗುತ್ತದೆ. ಗಡಿಯಾರ ರಿಪೇರಿ ಮಾಡಿ ಬದುಕಿದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಪದವಿಯನ್ನು ಯಾರೂ ಕೊಟ್ಟಿರಲಿಲ್ಲ, ಅವರಿಗೆ ಬೇಕಾಗಿಯೂ ಇರಲಿಲ್ಲ.

ಪ್ರತಿವರ್ಷ ಜೊತೆಗೆ ಹೋಗುತ್ತಿದ್ದವರು ಅತ್ತೆ. ಈ ಸಲ ಅವರು ಮಗಳ ಬಾಣಂತನಕ್ಕೆ ಹೋದರು. ಮಗರಾಯ ಕೆಲಸದ ನೆಪ ಹೇಳಿ ನುಣುಚಿಕೊಂಡ. ಉಳಿದವಳು ಸೊಸೆ. ಅವಳಿಗೂ ಸಂಗೀತಕ್ಕೂ ದೂರದ ನಂಟೂ ಇರಲಿಲ್ಲ. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು ಅವಳು. ಕಲಿಯುವವರ ಪಕ್ಕದಲ್ಲಿ ಕೂತು, ತನ್ನ ಕಾಲಡಿಯ ಇನ್ನೊಂದು ಬ್ರೇಕನ್ನು ಸಮಯಕ್ಕೆ ಸರಿಯಾಗಿ ಒತ್ತಿ, ಊರಿನ ಅರ್ಧದಷ್ಟು ಕಾಂಪೌಂಡು ಗೋಡೆಗಳನ್ನು ಉಳಿಸಿದ ಕೀರ್ತಿ ಅವಳದು. ಆ ಬಲಗಾಲು ಅವಳ ಮಾತು ಕೇಳುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಸಿನಿಮಾದಲ್ಲಿ ಕಾರು ಜೋರಾಗಿ ಓಡಿದರೂ ಅದು ತಾನಾಗಿಯೇ ನೆಲ ಒತ್ತುತ್ತಿತ್ತು; ಗಂಡ ಜೋರಾಗಿ ಮಾತಾಡಿದರೂ ಒತ್ತುತ್ತಿತ್ತು.

ಬೆಟ್ಟದ ತಿರುವುಗಳನ್ನು ಹತ್ತುವಾಗ ಮಾವನ ಕಿವಿಗಳೆರಡೂ ಮುಚ್ಚಿಕೊಂಡವು. ಎಂಜಲು ನುಂಗಿದರು, ಆಕಳಿಸಿದರು, ಮೂಗು ಹಿಡಿದು ಊದಿದರು. ಏನೂ ಉಪಯೋಗವಾಗಲಿಲ್ಲ. ವಸತಿಗೃಹದ ಕೋಣೆಯಲ್ಲಿ ಸೊಸೆ ಕಾಫಿ ಬೇಕೇ ಎಂದು ಕೇಳಿದರೆ ಅವರು ಎದ್ದು ಕಿಟಕಿ ಮುಚ್ಚಿದರು. ಅಲ್ಲಿಗೆ ಗುಟ್ಟು ರಟ್ಟಾಯಿತು.

ಇವತ್ತು ಪಿಟೀಲು ವಿದುಷಿಯ ಕಛೇರಿ ಬೇಡ, ಡಾಕ್ಟರ ಹತ್ತಿರ ಹೋಗೋಣ ಎಂದು ಅವಳು ಕೈಸನ್ನೆ ಮಾಡಿ, ಕೂಗಿ, ಸಾಕಾದಳು. ಮಾವ ಒಪ್ಪಲಿಲ್ಲ. ತಾವು ಹೋಗದಿದ್ದರೆ ಆ ಕುರ್ಚಿಯಲ್ಲಿ ಪ್ರೊಫೆಸರು ಬಂದು ಕೂರುತ್ತಾರೆಂಬುದೇ ಅವರ ಸಂಕಟ. ಆ ನಿವೃತ್ತ ಪ್ರೊಫೆಸರು ಎಷ್ಟೋ ವರ್ಷದಿಂದ ಮೊದಲ ಚಪ್ಪಾಳೆಯ ಮೇಲೆ ಕಣ್ಣಿಟ್ಟವರು. ಮಾವ ಎಂದಿನಂತೆ ಕಣ್ಣು ಮುಚ್ಚದೆ ವೇದಿಕೆಯನ್ನು ಪಿಳಿಪಿಳಿ ನೋಡುತ್ತ ಕೂತರೂ ಪ್ರೊಫೆಸರಿಗೆ ಅನುಮಾನ ಬಂದೀತು. ಕೊನೆಗೆ ಮಾವನೇ ಒಂದು ಉಪಾಯ ಹೂಡಿದರು.

"ಆಕೆ ಪಿಟೀಲು ಕೆಳಗಿಳಿಸಿದ ತಕ್ಷಣ ನನ್ನ ಕಾಲನ್ನ ಮೆಲ್ಲಗೆ ಒತ್ತು. ಮಿಕ್ಕಿದ್ದು ನಾನು ನೋಡ್ಕೋತೀನಿ."

ಚಳಿಗೆಂದು ಸೊಸೆ ದಪ್ಪ ಅಟ್ಟೆಯ ಬೂಟು ಹಾಕಿಕೊಂಡು ಹೋಗಿ ಮಾವನ ಪಕ್ಕದಲ್ಲಿ ಕೂತಳು. ಪಿಟೀಲು ವಿದುಷಿ ನಿಧಾನವಾಗಿ ಶುರು ಮಾಡಿದರು. ಸೊಸೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಮಾನನ್ನೇ ನೋಡುತ್ತಿದ್ದಳು. ಒಂದಷ್ಟು ಹೊತ್ತು ಎಲ್ಲ ಸುಸೂತ್ರವಾಗಿ ನಡೆಯಿತು. ಆಮೇಲೆ ವೇಗ ಏರತೊಡಗಿತು. ಕಮಾನು ಹಿಂದೆ ಮುಂದೆ ಹಾರಾಡಿತು, ವಿದುಷಿಯ ತಲೆಯೂ ಹಾರಾಡಿತು. ಇಳಿಜಾರಿನಲ್ಲಿ ಆಕ್ಸಿಲರೇಟರ್ ತುಳಿದ ಹೊಸಬರ ಪಕ್ಕದಲ್ಲಿ ಕೂತಂತೆ ಸೊಸೆಯ ಮೈಯೆಲ್ಲ ಬಿಗಿದುಕೊಂಡಿತು. ಇನ್ನೇನು ಗುದ್ದಿತು ಅನ್ನಿಸಿದಾಗ ಬಲಗಾಲು ತನ್ನ ಕೆಲಸ ಮಾಡಿಬಿಟ್ಟಿತು.

ಮಾವ ಇಷ್ಟಗಲ ಬಾಯಿ ತೆರೆದರು. ಆದರೂ ಮಾತಿಗೆ ತಪ್ಪಲಿಲ್ಲ. ನೋವು ನುಂಗಿಕೊಂಡು ಚಪ್ಪಾಳೆ ತಟ್ಟಿದರು. ಸಭಾಂಗಣ ಗುಡುಗಿತು. ವಿದುಷಿಯ ಕಮಾನು ಗಾಳಿಯಲ್ಲೇ ನಿಂತಿತು.

"ಇನ್ನೂ ಮುಗಿದಿಲ್ಲ," ಎಂದರು ಪ್ರೊಫೆಸರು, ಹಿಂದಿನ ಸಾಲಿಗೂ ಕೇಳಿಸುವ ಹಾಗೆ.

ಅಲ್ಲಲ್ಲಿ ಜನ ನಕ್ಕರು. ವಿದುಷಿ ಗದ್ದಲ ಅಡಗುವವರೆಗೆ ಕಾದು ಮತ್ತೆ ಶುರು ಮಾಡಿದರು. ಭೂಮಿ ಬಾಯ್ಬಿಟ್ಟು ನುಂಗಬಾರದೇ ಎನ್ನಿಸಿತು ಸೊಸೆಗೆ. ಎರಡೂ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡು ತಲೆ ತಗ್ಗಿಸಿದಳು. ಹಾಗೆ ಕೂತವಳಿಗೆ ಕೇಳುವುದೊಂದನ್ನು ಬಿಟ್ಟು ಬೇರೆ ಕೆಲಸ ಉಳಿಯಲಿಲ್ಲ. ವೇಗ ಇತ್ತು, ಆದರೆ ಓಡಿಸುವಾಕೆಗೆ ದಾರಿ ಗೊತ್ತಿತ್ತು. ಎಲ್ಲೂ ಬ್ರೇಕು ಬೇಕಿರಲಿಲ್ಲ. ಯಾಕೆಂದು ತಿಳಿಯದೆ ಅವಳ ಕಣ್ಣು ತುಂಬಿಕೊಂಡಿತು.

ಪಿಟೀಲು ನಿಂತಿತು. ಎಲ್ಲರೂ ಮಾವನ ಬೆನ್ನು ನೋಡಿದರು. ಅದು ಅಲ್ಲಾಡಲಿಲ್ಲ. ಪ್ರೊಫೆಸರು ಕೈಯೆತ್ತಿ, ಯಾಕೋ ಅಳುಕಿ, ಇಳಿಸಿದರು. ಪಾಪ, ವಿದುಷಿ ಪಿಟೀಲು ಹಿಡಿದುಕೊಂಡು ಕೂತೇ ಇದ್ದರು. ಮಾವನಿಗೆ ಸನ್ನೆ ಮಾಡಬೇಕೆಂಬುದು ಕೂಡ ಸೊಸೆಗೆ ಮರೆತುಹೋಗಿತ್ತು. ತಡೆಯಲಾಗದೆ ಅವಳೇ ಚಪ್ಪಾಳೆ ತಟ್ಟಿದಳು. ಹಿಂದೆಯೇ ಸಭೆಯೆಲ್ಲ ತಟ್ಟಿತು.

ಕೋಣೆಗೆ ಬಂದ ಮೇಲೆ ಬಕೆಟ್ಟಿನ ಬಿಸಿನೀರಿನಲ್ಲಿ ಮಾವನ ಕಾಲಿಡಿಸಿ, ತಪ್ಪಾಯಿತೆಂದು ಅವಳು ಗಂಟಲು ಹರಿಯುವಂತೆ ಕೂಗಿದಳು.

"ಕೂಗ್ಬೇಡ. ಕೇಳ್ಸುತ್ತೆ. ನೀನು ತುಳಿದು ಬಾಯಿ ತೆರೆಸಿದೆಯಲ್ಲ, ಆಗ್ಲೇ ಕಿವಿ ಬಿಟ್ಕೊಂಡ್ತು."

"ಮತ್ತೆ ಕೊನೇಲಿ ಯಾಕೆ ಸುಮ್ನೆ ಕೂತ್ರಿ ಮಾವ?"

ಮಾವ ಬಕೆಟ್ಟಿನೊಳಗಿನ ಊದಿದ ಹೆಬ್ಬೆರಳನ್ನು ನೋಡಿದರು. "ಮುಗೀತು ಅಂತ ಗೊತ್ತಿತ್ತು ಕಣಮ್ಮ. ಕೈ ಏಳ್ಲಿಲ್ಲ. ಬೆಳಿಗ್ಗೆ ಊರಿಗೆ ಹೋಗೋಣ. ಆ ಕುರ್ಚೀಲಿ ಆ ಪ್ರೊಫೆಸರೇ ಕೂರ್ಲಿ."

ಈ ಮುಖ ಸೊಸೆಗೆ ಗೊತ್ತಿತ್ತು. ಒಂದು ಸಲ ಗೋಡೆಗೆ ಗುದ್ದಿದವರೆಲ್ಲ ಇದೇ ಮುಖ ಮಾಡಿಕೊಂಡು ಕಾರಿನಿಂದ ಇಳಿಯುತ್ತಿದ್ದರು. ಅಂಥವರನ್ನು ಮರುದಿನವೇ ಸ್ಟಿಯರಿಂಗ್ ಮುಂದೆ ಕೂರಿಸದಿದ್ದರೆ ಅವರು ಮತ್ತೆ ಜನ್ಮದಲ್ಲಿ ಕಾರು ಮುಟ್ಟುವುದಿಲ್ಲ.

"ನಾಳೇನೂ ಹೋಗ್ತೀವಿ ಮಾವ. ಅದೇ ಕುರ್ಚಿ."

ಮಾವ ನೀರು ತಣ್ಣಗಾಗುವವರೆಗೆ ಯೋಚಿಸಿದರು. "ಹಾಗಾದ್ರೆ ನೀನು ಬೂಟು ಹಾಕ್ಕೊಂಡು ಬರ್ಬೇಡ."

ಮರುದಿನ ಸಂಜೆ ಒಬ್ಬ ಗಾಯಕರ ಕಛೇರಿ. ಬೂಟನ್ನು ಸಭಾಂಗಣದ ಬಾಗಿಲಲ್ಲೇ ಬಿಟ್ಟು, ಸೊಸೆ ಬರೀ ಕಾಲುಚೀಲದಲ್ಲಿ ನಡುಗುತ್ತ ಕೂತಳು. ಹಾಡು ಮುಗಿಯಿತು. ಅರ್ಧ ಸಭೆ ಮಾವನನ್ನು ನೋಡಿತು, ಇನ್ನರ್ಧ ಪ್ರೊಫೆಸರನ್ನು ನೋಡಿತು. ಮಾವನ ಕೈಗಳು ಮಂಡಿಯಿಂದ ಮೇಲೆದ್ದು, ಅಲ್ಲೇ ನಿಂತವು. ಕಣ್ಣು ಬಿಟ್ಟು ಸೊಸೆಯ ಕಡೆ ನೋಡಿದರು. ಅವಳು ತನ್ನ ಕೈ ಕಟ್ಟಿಕೊಂಡಳು.

ಅವಳ ಬಲಗಾಲು ಮಾತ್ರ ನೆಲವನ್ನು ಬಲವಾಗಿ ಒತ್ತಿ ಹಿಡಿದಿತ್ತು. ಕಲಿಸುವವಳಿಗೆ ಎಲ್ಲಕ್ಕಿಂತ ಕಷ್ಟದ ಕೆಲಸ ಯಾವುದೆಂದು ಅವಳಿಗೆ ಗೊತ್ತಿತ್ತು. ಅವಳು ನಿಧಾನವಾಗಿ ಕಾಲು ತೆಗೆದಳು.

ಮಾವ ಚಪ್ಪಾಳೆ ತಟ್ಟಿದರು.